ಏಣಿ ಕಾಯುವವನ ಲೆಕ್ಕ

ಹದಿನೆಂಟು ಮೆಟ್ಟಿಲು. ಏಳನೆಯದು ಸಡಿಲ,
ಅದನ್ನು ಬಿಟ್ಟು ಹತ್ತು, ಎನ್ನುತ್ತಾನೆ ಕಸುಬಿಕ.
ಹೋದ ವರ್ಷವೂ ಅದೇ ಅಂದಿದ್ದನಂತೆ.
ಮರದ ಕವಲಿನಲ್ಲಿ ಹಲಗೆಯ ಅಟ್ಟಣೆ. ಅದರ ಮೇಲೆ
ಅವನು, ನಾನು, ಫ್ಲಾಸ್ಕಿನಲ್ಲಿ ಚಹಾ,
ಮತ್ತು ಕಚೇರಿಯವರು ಕೊಟ್ಟ ಎಣಿಕೆಯ ಯಂತ್ರ:
ಗುಂಡಿ ಒಂದು ಸಲ ಒತ್ತಿದರೆ
ನೂರು ಬಾವಲಿ ಎಂದು ಒಪ್ಪಂದ.

ಕಸಂಕದ ನವೆಂಬರ್. ಮೊದಲ ಮಳೆ ಬಿದ್ದು ಮೂರು ದಿನ.
ಕೆಳಗೆ ಜೊಂಡು, ಜೊಂಡಿನಾಚೆ ಜೌಗು ಕಾಡು.
ಇಲ್ಲಿಯವರ ಬಾಯಲ್ಲಿ ಅದು ಮುಶಿತು.
ನಮ್ಮ ಕಡೆಯ ಒಂದು ಗೋಮಾಳದಷ್ಟೂ ಇಲ್ಲ,
ಆದರೂ ಹಗಲೆಲ್ಲ ಒಂದೇ ಸಮ ಜಗಳ ಅದರೊಳಗೆ.
ಗಾಳಿ ತಿರುಗಿದರೆ ಹುಳಿಬಂದ ಹಣ್ಣು, ತೊಯ್ದ ತೊಗಲು.
ಕೊಂಬೆ ಕೊಂಬೆಗೂ ಒಣಹುಲ್ಲಿನ ಬಣ್ಣದ ಕತ್ತು,
ಜಾಗ ಸಾಲದೆ
ತೂಗುವವರ ಮೈಗೇ ಜೋತುಬಿದ್ದು ತೂಗುವವರು.

ನನ್ನಜ್ಜಿಯ ಗಾದೆ ನೆನಪಾಯಿತು:
ಬಾವಲಿ ಮನೆಗೆ ನೆಂಟರು ಬಂದರೆ
ನಾನೂ ತೂಗ್ತೀನಿ, ನೀನೂ ತೂಗು.
ಬಿಡಿಸಿ ಹೇಳಿದೆ. ಕಸುಬಿಕ ನಗಲಿಲ್ಲ.
“ಕಾಂಗೋದಿಂದ ಗಡಿ ದಾಟಿ ಬಂದ ವರ್ಷ
ನಮಗೂ ಹಾಗೇ ಅಂದರು ಇಲ್ಲಿಯ ಲಾಲ ಜನ.
ಒಂದು ಗುಡಿಸಲು, ಹದಿನಾಲ್ಕು ತಲೆ,
ಒಂದು ಬೋಗುಣಿ ಮರಗೆಣಸಿನ ಮುದ್ದೆ.”

ಆರು ಗಂಟೆ ಹತ್ತು ನಿಮಿಷ.
ಸೂರ್ಯ ಹೋದ. ಏನೂ ಆಗಲಿಲ್ಲ.
ಜಗಳ ನಿಂತಿತು, ಆದದ್ದು ಅಷ್ಟೇ.
ಒಂದು ಎದ್ದಿತು. ಅರ್ಧ ಸುತ್ತು ಹಾಕಿ
ಮತ್ತೆ ಹೋಗಿ ಜೋತುಬಿತ್ತು,
ಊಟದ ಪಂಕ್ತಿಯಿಂದ ಮೊದಲು ಏಳಲು ನಾಚುವವನ ಹಾಗೆ.
ಆಮೇಲೆ ಹತ್ತು. ಆಮೇಲೆ

ಕಾಡು ತನ್ನ ಸಿಪ್ಪೆ ತಾನೇ ಸುಲಿದುಕೊಂಡಿತು.

ಕಿರುಚಾಟವಿಲ್ಲ. ಎಷ್ಟೋ ಜನ ಹೆಂಗಸರು
ಕತ್ತಲಲ್ಲಿ ಒಟ್ಟಿಗೆ ಮೊರ ಹಿಡಿದು ಕೇರಿದರೆ ಆಗುವಂಥ ಸದ್ದು.
ಉಳಿದ ಬೆಳಕಿಗೆ ಅಡ್ಡ ಬಂದಾಗ
ರೆಕ್ಕೆಯ ತೊಗಲಿನೊಳಗೆ ಬೆರಳು ಕಾಣುತ್ತವೆ,
ನಮ್ಮವೇ ಬೆರಳು,
ಯಾರೋ ಎಳೆದು ಎಳೆದು ಉದ್ದ ಮಾಡಿದವು.
ಒತ್ತಿದೆ. ಒತ್ತಿದೆ. ನಾನ್ನೂರು ಮುಟ್ಟುವಷ್ಟರಲ್ಲಿ
ಹೆಬ್ಬೆರಳು ಸೋತಿತು. ನೂರು ಅನ್ನುವುದು ಎಷ್ಟು
ಅನ್ನುವುದೇ ಮರೆತುಹೋಯಿತು.

ಎಲ್ಲೋ ಒಂದು ಕೊಂಬೆ ಮುರಿಯಿತು. ನೀರು.
ಆಮೇಲೆ ನೀರಿನದಲ್ಲದ ಇನ್ನೊಂದು ಸದ್ದು.
“ಮೊಸಳೆ,” ಅಂದ ಕಸುಬಿಕ. “ಅದಕ್ಕೂ ನವೆಂಬರ್ ಅಲ್ಲವೇ.”

ಅವನು ಮೇಲೆ ನೋಡುತ್ತಿರಲಿಲ್ಲ.
ಮೊಣಕಾಲ ಮೇಲೆ ಮೊಬೈಲು, ಅದರ ಮೇಲೆ ಅಂಗೈ.
ಮ್ಪುಂಡು ಎಂದು ಅವಳಿ ಅಕ್ಕ, ಗಡಿಯಾಚೆ ಉಳಿದವಳು,
ಪ್ರತಿ ವರ್ಷ ಫೋನು ಮಾಡುತ್ತಾಳೆ:
ನಮ್ಮ ಮರ ಖಾಲಿ, ಹೊರಟವು,
ನಿನ್ನ ಏಣಿ ಭದ್ರ ಮಾಡಿಕೋ.
“ಈ ಸಲ ಇವೇ ಮೊದಲು ಬಂದವು,” ಅಂದ.
ಮತ್ತೇನೂ ಅನ್ನಲಿಲ್ಲ. ಚಹಾ ಬಗ್ಗಿಸಿ ಕೊಟ್ಟ,
ತಣ್ಣಗಾಗಿತ್ತು, ಕುಡಿದೆ.

ಆಕಾಶ ತೆಳುವಾಯಿತು. ಹಿಂದುಳಿದ ಒಂದೆರಡು
ಅವಸರವಿಲ್ಲದೆ ಹಾದವು, ಮಸುಕು ಹಣ್ಣಿನ ಕಡೆಗೆ.
ಕಾಡು ಖಾಲಿ ಪಾತ್ರೆಯಂತೆ ಸುಮ್ಮನಿತ್ತು,
ಕೊಂಬೆಗಳು ಮಾತ್ರ
ಭಾರ ಇಳಿದದ್ದು ಇನ್ನೂ ಗೊತ್ತಾಗದೆ
ಬಾಗಿಯೇ ಇದ್ದವು.

ಯಂತ್ರದಲ್ಲಿ ಆರುನೂರ ಹದಿಮೂರು.
ಕಚೇರಿಯ ಹಾಳೆಯಲ್ಲಿ ಅದಕ್ಕೆ ಎರಡು ಸೊನ್ನೆ ಸೇರಿಸಿದೆ,
ಸುಳ್ಳು ಬರೆಯುವವಳ ಕೈಯಲ್ಲಿ.
ಟಾರ್ಚು ಹಲ್ಲಲ್ಲಿ ಕಚ್ಚಿಕೊಂಡು
ಕಸುಬಿಕ ತನ್ನ ಪುಸ್ತಕದಲ್ಲಿ ಬರೆದ:
ಹತ್ತಿದವರು ಇಬ್ಬರು. ಇಳಿದವರು ಇಬ್ಬರು.
ಏಳನೇ ಮೆಟ್ಟಿಲು, ನಾಳೆ.