ಕುಸಿಯದ ಮಣ್ಣು

ಮಣ್ಣು ತೋಡುವುದೇ ನನ್ನ ಕಸುಬು.
ಜೂನಿನಲ್ಲಿ ಕಾಫಿ ಸಸಿಗೆ, ಒಂದೂವರೆ ಅಡಿ;
ಬೇಸಗೆಯಲ್ಲಿ ಆನೆ ಕಂದಕ, ಆಳೆತ್ತರಕ್ಕೂ ಮಿಗಿಲು;
ನಡುನಡುವೆ, ಫಾದರ್ ಹೇಳಿ ಕಳಿಸಿದಾಗ,
ಸುಂಟಿಕೊಪ್ಪದ ಇಗರ್ಜಿಯ ಹಿಂದೆ, ಸಿಲ್ವರ್ ಮರಗಳ ಬುಡದಲ್ಲಿ
ಆರಡಿ.

ಯಾವ ಪ್ರಸಂಗದಲ್ಲೂ ಬಾರದ ಮಾತೊಂದಿದೆ, ಕೇಳಿ:
ಗೋರಿ ಕುಸಿಯುತ್ತದೆ.
ಮೊದಲ ಮಳೆಗಾಲಕ್ಕೆ ಒಂದು ಗೇಣು. ಆಮೇಲೊಂದು ದಿನ
ಒಳಗೆ ಹಲಗೆ ಮುರಿದು ಒಮ್ಮೆಲೇ ಮೊಣಕಾಲುದ್ದ.
ಬುಟ್ಟಿಯಲ್ಲಿ ಮಣ್ಣು ತಂದು ತುಂಬುತ್ತೇನೆ. ಮನೆಯವರಿಗೆ ಹೇಳುವುದಿಲ್ಲ.
ಜಾಗ ಸಾಲದೆ ಹಳೆಯದನ್ನೇ ಮತ್ತೆ ತೆರೆದರೆ
ಸಿಗುವುದು ಅಂಗಿಯ ಗುಂಡಿ, ಜಪಸರದ ತಂತಿ, ನಾಲ್ಕು ಹಲ್ಲು.
ಆ ಭಾನುವಾರವೂ ಉಗುರಲ್ಲಿ ಕೆಮ್ಮಣ್ಣು ಇಟ್ಟುಕೊಂಡೇ
ಶರೀರದ ಪುನರುತ್ಥಾನವನ್ನು ನಂಬುತ್ತೇನೆ ಎಂದಿದ್ದೇನೆ, ಎಲ್ಲರ ಜೊತೆ.
ಎಲ್ಲರ ಜೊತೆ ಹೇಳುವುದು ಸುಲಭ.

ಸಾಲ್ವದೋರನ ಗೋರಿ ಮಾತ್ರ ಕುಸಿಯಲಿಲ್ಲ.

ತೋಟದ ರೈಟರ್ ಅವನು, ಕಂಕುಳಲ್ಲಿ ಹಾಜರಿ ಪುಸ್ತಕ.
ಮಾದಾಪುರದಾಚೆ ಗುಡ್ಡ ಜಾರಿದ ಆ ಆಗಸ್ಟಿನ ಬೆಳಿಗ್ಗೆ
ಲೈನಿನ ಮಕ್ಕಳನ್ನು ಹೆಸರು ಹಿಡಿದು ಕೂಗಿ ಕೂಗಿ ಹೊರಗೆ ಹಾಕಿದ.
ಕೊನೆಯ ಹೆಸರು ಅರ್ಧಕ್ಕಿತ್ತು, ಮಣ್ಣು ಬಂತು.
ಹದಿನಾರು ದಿನ ಅಗೆದೆವು.
ಸಿಕ್ಕಿದ್ದು ಒಂದು ಗಂಬೂಟು, ಎಡಗಾಲಿನದು.

ರೆಜಿನಾ ಬಂದಳು. "ಲಿಗೋರಿ, ಗುಂಡಿ ತೋಡು."
"ಏನಿಡೋಕೆ?"
"ಅವರ ಅಳತೆಗೆ ತೋಡು. ಐದಡಿ ಎಂಟಿಂಚು."
ಗಂಬೂಟನ್ನೂ ಇಡಗೊಡಲಿಲ್ಲ. ಅದು ಅವಳ ಬಾಗಿಲ ಹೊರಗಿದೆ,
ತೊಳೆದು, ಬಾಯಿ ಕೆಳಗಾಗಿ, ಮಳೆನೀರು ತುಂಬದ ಹಾಗೆ.
ಖಾಲಿ ಗುಂಡಿಗೆ ಫಾದರ್ ತೀರ್ಥ ಚಿಮುಕಿಸಿದರು,
ಖಾಲಿ ಗುಂಡಿಗೆ ನಾನು ಮಣ್ಣೆಳೆದೆ, ತುಳಿದು ಗಟ್ಟಿ ಮಾಡಿದೆ.
ಕೂಲಿ ಬೇಡವೆಂದೆ. ಎಣಿಸಿ ಕೊಟ್ಟಳು.
"ಸಿಮೆಂಟು ಮಾತ್ರ ಹಾಕಬೇಡ.
ಎಲ್ಲಿಂದ ಎದ್ದರೂ ಹೆಸರು ನೋಡೋಕೆ ಇಲ್ಲಿಗೇ ಬರುತ್ತಾರೆ.
ಹಾಜರಿ ಹಾಕದೆ ಮೇಲೆ ಹೋಗುವವರಲ್ಲ ಅವರು."

ಪಾಸ್ಕದ ಓದನ್ನು ಮೂವತ್ತು ವರ್ಷ ಕೇಳಿದ್ದೇನೆ.
ಎಲ್ಲರಿಗೂ ಉರುಳಿದ ಕಲ್ಲು, ಬೆಳ್ಳನೆಯ ದೂತರು.
ನನಗೆ ಒಂದೇ ಚಿಂತೆ: ಆ ಬಂಡೆ ಕೊರೆದವನು ಯಾರು?
ಹೊಸ ಗೋರಿಯಂತೆ. ಎಷ್ಟು ತಿಂಗಳ ಕೈಯೋ, ಎಷ್ಟು ಉಳಿ ಸವೆದವೋ.
ಮೂರೇ ದಿನಕ್ಕೆ ಖಾಲಿ ಬಿತ್ತು ಎಂದು ಸಂತೆಯಲ್ಲಿ ಯಾರೋ ಹೇಳಿದಾಗ
ಏನಂದನೋ ಮಾರಾಯ.
ಮಾಡಿದ ಕೆಲಸ ದಂಡವಾದದ್ದಕ್ಕೆ
ನಕ್ಕ ಕೂಲಿಯವನು ಅವನೊಬ್ಬನೇ ಇರಬೇಕು.

ಈ ವರ್ಷ ಹೂಮಳೆ ತಡ. ಬಿದ್ದ ಒಂಬತ್ತನೆಯ ದಿನಕ್ಕೆ ಪಾಸ್ಕ.
ರಾತ್ರಿ ಪೂಜೆ ಬಿಟ್ಟು ಹೊರಬಂದರೆ
ಕತ್ತಲಲ್ಲೂ ಬೆಳ್ಳಗೆ ರೊಬಸ್ಟಾ, ಬೇಲಿಯ ಆಚೆ ಈಚೆ;
ತಲೆ ಹಿಡಿದುಕೊಳ್ಳುವಷ್ಟು ಪರಿಮಳ.
ನಸುಕಿಗೆ ಗುದ್ದಲಿ ಹೊತ್ತು, ಮಂಜಿನಲ್ಲಿ, ಗಿಡಗಳ ಸಾಲು ಸೀಳಿಕೊಂಡು ಬಂದೆ.
ಗೋರಿಯ ಬಳಿ ಕೂತಿದ್ದ ರೆಜಿನಾ ತಟ್ಟನೆ ಎದ್ದಳು.

ಮಗ್ದಲದ ಮರಿಯ ಪ್ರಭುವನ್ನು ನೋಡಿ
ತೋಟದವನು ಎಂದುಕೊಂಡಳಂತೆ.
ಇವಳು ತೋಟದವನನ್ನು ನೋಡಿ...

ಆ ಮುಖ ನಾನು ಮರೆಯಲಾರೆ. ಯಾರೂ ನನ್ನನ್ನು
ಹಾಗೆ ನೋಡಿದ್ದಿಲ್ಲ, ನೋಡುವುದೂ ಇಲ್ಲ.
ನಾನಲ್ಲ ಎನ್ನಲು ನಾಲಿಗೆ ಏಳಲಿಲ್ಲ.
"ರೆಜಿನಾ" ಎಂದೆ, ಅಷ್ಟೇ.
"ಓ, ನೀನಾ," ಎಂದು ನಕ್ಕಳು. ಕಣ್ಣೊರೆಸಿಕೊಂಡಳು. "ಕೂತ್ಕೋ."
ಫ್ಲಾಸ್ಕಿನಲ್ಲಿ ಬೆಲ್ಲದ ಕಾಫಿ ಇತ್ತು. ಲೋಟ ಎರಡಿದ್ದವು.
ಎರಡನೆಯದು ಯಾರಿಗೆಂದು ನಾನು ಕೇಳಲಿಲ್ಲ, ಕುಡಿದೆ.

ಹೋಗುವಾಗ ಅಭ್ಯಾಸಬಲದಿಂದ ಬಗ್ಗಿ ಅಂಗೈ ಇಟ್ಟು ನೋಡಿದೆ.
ಕುಸಿದಿರಲಿಲ್ಲ. ನಡುವೆ ಒಂದು ಬೆರಳಷ್ಟು
ಮೇಲಕ್ಕೆ ಬಂದ ಹಾಗಿತ್ತು.
ಗೆದ್ದಲಿರಬಹುದು. ಬೇರು ಇರಬಹುದು.
ಕೈಯಲ್ಲಿ ಗುದ್ದಲಿ ಇತ್ತು.
ಸಮ ಮಾಡಲಿಲ್ಲ.