ಗೋಣಿಕೊಪ್ಪದ ವ್ಯಾಗನ್‌ಗಳು

ಬಸ್‌ಸ್ಟ್ಯಾಂಡಿನ ಹಿಂದೆ, ಔಷಧಿ ಅಂಗಡಿಯ ಮೇಲೆ
ಎರಡು ಕೋಣೆ, ಒಂದು ಕಬ್ಬಿಣದ ಬೀರು.
ಬೋರ್ಡಿನಲ್ಲಿ ‘ಸನ್ಸ್’ ಎಂದಿದ್ದ ಕಡೆ ಬಣ್ಣ ಬಳಿದು
ಮಾಚಯ್ಯ ಅಂಡ್ ಡಾಟರ್, ರೈಲು ವ್ಯಾಗನ್ ಬಾಡಿಗೆಗೆ.
ಹೊಸಬರು ಓದಿ ನಗುತ್ತಾರೆ.
ಈ ಜಿಲ್ಲೆಯಲ್ಲಿ ಒಂದು ಮೊಳ ಹಳಿಯಿಲ್ಲ.

ನಾನೂ ನಕ್ಕಿದ್ದೆ, ಕೆಲಸಕ್ಕೆ ಸೇರಿದ ದಿನ.
‘ರಾಜೀವೀ, ನಗು ಮುಗಿದ ಮೇಲೆ ಲೆಡ್ಜರ್ ತೆಗಿ’
ಅಂದರು ಮಾಚಯ್ಯ.

ಅವರಪ್ಪ ಕುಟ್ಟಯ್ಯನಿಗೆ ಹನ್ನೊಂದು ಎತ್ತಿನ ಗಾಡಿ.
ಮಾಕುಟ್ಟದ ಘಟ್ಟ ಇಳಿದು ತಲಚೇರಿಗೆ ಕಾಫಿ,
ಹತ್ತುವಾಗ ಉಪ್ಪು, ಒಣಮೀನು.
ಗಾಡಿಯವನೊಬ್ಬ ಅಲ್ಲಿಂದ ಬಂದು ಹೇಳಿದನಂತೆ:
ಗಾಡಿಯ ಬಾಲಕ್ಕೆ ಗಾಡಿ, ಅದರ ಬಾಲಕ್ಕೆ ಇನ್ನೊಂದು,
ಎತ್ತಿಲ್ಲ, ಸಗಣಿಯ ಬದಲು ಬೂದಿ ಹಾಕುತ್ತದೆ.
ಕುಟ್ಟಯ್ಯ ಕೇಳಿದ್ದು ಒಂದೇ:
ಅದರ ಬಾಡಿಗೆ ಯಾರಿಗೆ?

ಆ ಪ್ರಶ್ನೆ ಮನೆಯಲ್ಲೇ ಕೂತಿತ್ತು, ಮೂರು ಲಾರಿ ಸವೆಯುವ ತನಕ.
ರೈಲ್ವೆಯವರಿಗೇ ವ್ಯಾಗನ್ ಸಾಲದೆ ಬಂದ ಕಾಲದಲ್ಲಿ
ಮಾಚಯ್ಯ ಲಾರಿ ಮಾರಿದರು, ಎರಡು ಫಸಲು ಮೆಣಸು ಮಾರಿದರು.
ಜಮ್ಮಾ ಭೂಮಿ ಅಡವಿಡಲು ಹೋದರೆ ಬ್ಯಾಂಕಿನವ
ಪಹಣಿಯ ಹೆಸರುಗಳನ್ನು ಪೆನ್ಸಿಲ್ಲಿನಿಂದ ಎಣಿಸಿದ.
ಮೂವತ್ತೇಳು. ಅಷ್ಟೂ ಸಹಿ ಬೇಕು.
ಇಪ್ಪತ್ತೊಂಬತ್ತು ಸಿಕ್ಕಿತು. ಉಳಿದ ಎಂಟರ ಕತೆ
ಮಾಚಯ್ಯ ಯಾರಿಗೂ ಹೇಳಲಿಲ್ಲ.

ಮೊದಲು ಆರು. ಈಗ ನಲವತ್ತೆರಡು.
ವಾಡಿಯ ಸಿಮೆಂಟು, ಮಂಗಳೂರಿನ ಗೊಬ್ಬರ,
ಎಲ್ಲಿಯದೋ ಗೋಧಿ ಎಲ್ಲಿಗೋ.
ಓಡಿದರೂ ಬಾಡಿಗೆ, ನಿಂತರೂ ಬಾಡಿಗೆ,
ಒಳಗೇನಿದೆ ಎಂದು ಕೇಳುವುದು ಕರಾರಿನಲ್ಲಿ ಇಲ್ಲ.
ರಿಪೇರಿಯ ದಿನಗಳು ಮಾತ್ರ ನಮ್ಮ ತಲೆಗೆ;
ವರ್ಕ್‌ಶಾಪಿನಲ್ಲಿ ಮಲಗಿದ ವ್ಯಾಗನ್
ಹೆರಿಗೆಗೆ ಬಂದ ಮಗಳಂತೆ, ಖರ್ಚು ತವರಿನದು.

ಕೈಲ್ ಪೊಳ್ದಿಗೆ ಊರೆಲ್ಲ ಕೋವಿ ಒರೆಸುತ್ತದೆ,
ಜೀಪು ತೊಳೆಯುತ್ತದೆ. ನಮಗೆ ಪೂಜಿಸಲು ಏನಿದೆ?
ಹಳೆಯ ವ್ಯಾಗನ್ನಿನ ಮುರಿದ ಕೊಂಡಿಯೊಂದು
ಪಾರ್ಸೆಲ್ಲಿನಲ್ಲಿ ಬಂದದ್ದು, ಹನ್ನೆರಡು ಕಿಲೋ,
ವರ್ಷವಿಡೀ ಬಿಲ್ಲುಗಳ ಮೇಲೆ ಕೂರುತ್ತದೆ.
ಅಂದು ಅದಕ್ಕೆ ಗಂಧ, ಒಂದು ತೋಕ್ ಪೂ.

ಹಳಿ ಬರಲಿ ಎನ್ನುವವರು ಸಹಿಗೆ ಬಂದರು,
ಬರಬಾರದು ಎನ್ನುವವರೂ ಬಂದರು, ಅದೇ ವಾರ.
ಈಗಿನ ಯಜಮಾನಿ ದೇಚಮ್ಮ ಇಬ್ಬರಿಗೂ ಕಾಫಿ ಕೊಟ್ಟು
‘ದನ ಮೇಯಲು ಹೋಗುತ್ತದೆ,
ಕೊಟ್ಟಿಗೆಯ ಬಾಗಿಲಿಗೇ ಹುಲ್ಲು ಬೆಳೆಯಬೇಕೇ?’ ಅಂದಳು.
ಸಹಿ ಹಾಕಲಿಲ್ಲ.

ಕಳೆದ ಫೆಬ್ರವರಿ, ಕಣ್ಣಿನ ಪೊರೆ ತೆಗೆಸಿ
ಮೈಸೂರಿನಿಂದ ವಾಪಸು. ಗೇಟು ಬಿತ್ತು.
ಗೂಡ್ಸು ನಿಧಾನ. ಒಂದು ಕಣ್ಣಿಗೆ ಪಟ್ಟಿ,
ಇನ್ನೊಂದರಲ್ಲಿ ನಂಬರು ಓದತೊಡಗಿದೆ, ಚಾಳಿ.
ಹತ್ತೊಂಬತ್ತನೆಯದು: ಕೊನೆಗೆ ಏಳು, ಸೊನ್ನೆ, ಮೂರು.
ಎಡ ಬಾಗಿಲಿಗೆ ತುಕ್ಕು. ಆ ತುಕ್ಕಿಗಾಗಿ
ವಿಮೆಯವರೊಡನೆ ನಾಲ್ಕು ವರ್ಷ ಜಗಳವಾಡಿದವಳು ನಾನು.
ಮೂವತ್ತೊಂದು ವರ್ಷ ಅದರ ಕೂಳು ಉಂಡವಳು,
ಮುಖ ನೋಡಿದ್ದು ಮೊದಲ ಸಲ.
ಬಾಗಿಲ ಮೇಲೆ ಯಾರೋ ಬಳಪದಲ್ಲಿ ಏನೋ ಬರೆದಿದ್ದರು,
ನನಗೆ ಬಾರದ ಲಿಪಿ.
ಪಕ್ಕದ ಸೀಟಿನವಳಿಗೆ ‘ಅದು ನಮ್ಮದು’ ಅಂದೆ.
ಅವಳು ಹಿಂದಿನ ಜೋಳದ ಹೊಲ ನೋಡಿ ತಲೆಯಾಡಿಸಿದಳು.

ದೇಚಮ್ಮ ಕೇಳಿದ್ದು: ‘ತುಂಬಿತ್ತಾ, ಖಾಲಿಯಾ?’
ಸದ್ದಿಗೆ ಖಾಲಿ ಅನ್ನಿಸಿತು, ಅಂದೆ.
‘ಇರಲಿ, ಬಾಡಿಗೆ ಒಂದೇ.’

ಲೆಡ್ಜರಿನ ಷರಾ ಕಾಲಮ್ಮಿನಲ್ಲಿ
ಆ ನಂಬರಿನ ಎದುರು ‘ಕಂಡೆ’ ಎಂದು ಬರೆದೆ.
ಆಡಿಟರ್ ಅದರ ಸುತ್ತ ಕೆಂಪು ಸುತ್ತು ಹಾಕಿದ್ದಾನೆ,
ಪಕ್ಕದಲ್ಲಿ ಪ್ರಶ್ನೆ ಚಿಹ್ನೆ.
ಉತ್ತರ ಬಾಕಿ.