ಹಿಡಿಮಣ್ಣು

ಶಾಪ ಹಾಕಾಕ ಒಂದು ಹೆಸರು ಬೇಕು ಅಂತಾಳ ಅತ್ತಿ.
ಮಣ್ಣು ಹಿಡಿದು ನಿಂತಾಳ ಬಾಗಿಲಾಗ,
ಬಾಯಾಗ ಬೈಗುಳ ತಯಾರು, ನಡುನಡುವ ಕೆಮ್ಮು.
'ಹೇಳ, ಯಾರ ಮನಿ ಮ್ಯಾಲೆ ತೂರ್ಲಿ?'

ಗದಿಗೆವ್ವ ತೂರಿದ ಮಣ್ಣು ಊರಾಗ ಸುಮ್ಮನ ಬಿದ್ದಿದ್ದಿಲ್ಲ.
ಎಮ್ಮಿ ಕದ್ದವನ ಕಣ್ಣು ಹೋತು,
ತೂಕದ ಕಲ್ಲು ಕೊರದ ಅಂಗಡಿಯವ ತೊದಲಾಕ ಹತ್ತಿದ.
ಹಂಗಂತ ಆಕಿ ಹೇಳ್ತಾಳ. ನಾ ಕಂಡಿಲ್ಲ.
ನಾ ಸೊಸಿಯಾಗಿ ಬಂದದ್ದ ಬೈನಾದ ಈ ಪತ್ರಾಸ ಮನಿಗೆ.

ಉಸಿರಿನ ಗುಳಿಗಿ.
ಹತ್ತರ ಶೀಟಿಗೆ ಸಾವಿರದ ನೂರಾ ನಲವತ್ತು. ದಿನಕ್ಕ ಎರಡು.
ನಾ ಲೆಕ್ಕ ಹೇಳಿಲ್ಲ, ಆಕಿನ ಹಾಕ್ಯಾಳ ಬೆರಳಿನ ಗೆಣ್ಣಿನ ಮ್ಯಾಲೆ.
ನಾ ಇಲ್ಲದಾಗ ಈಳಿಗಿ ಮಣಿ ಮ್ಯಾಲಿಟ್ಟು
ಒಂದನ್ನ ಎರಡು ಮಾಡ್ತಾಳ,
ಉಳದ ಬಿಳಿ ಪುಡಿ ಬೆರಳಿಗೆ ಹಚ್ಚಿ ನೆಕ್ಕತಾಳ.

ಮೊದಲ ನಾ ಅಂಗಡಿಯ ಭಾಟಿಕರನ ಹೆಸರು ಹೇಳಿದ್ನಿ.
ಮರುದಿನ ನಾನ ಬ್ಯಾಡಂದ್ನಿ.
ಹೋದ ತಿಂಗಳ ರೊಕ್ಕ ಆತ ಇನ್ನೂ ಕೇಳಿಲ್ಲ,
ನನ್ನ ಹೆಸರಿನ ವಹಿ ಗಿರಾಕಿ ಮುಂದ ತಗಿಯೂದಿಲ್ಲ.
ಡಾಕ್ಟರ್? ಆತನ ಮೇಜಿನ ಗಡಿಯಾರ, ಪೆನ್ನು, ಕ್ಯಾಲೆಂಡರ್,
ಎಲ್ಲಾದರ ಮ್ಯಾಲೂ ಅದ ಗುಳಿಗಿ ಹೆಸರು.
ಅಗ್ಗದ್ದು ಬರೀರಿ ಅಂದ್ರ ನಕ್ಕ:
'ಗುಣ ಆಗೂದು ಬೇಕೋ, ಅಗ್ಗದ್ದು ಬೇಕೋ?'
ಆತನ ಮ್ಯಾಲೆ ಒಂದು ಚಿಟಿಕಿ ತೂರಬೌದು.
ಹಿಡಿ ಅಲ್ಲ.
ಅವತ್ತ ಹೊರಗ ಬಾಕಿನ ಮ್ಯಾಲೆ ಟೈ ಕಟಗೊಂಡ ಹುಡುಗ,
ತೊಡಿ ಮ್ಯಾಲೆ ಔಷಧದ ಬ್ಯಾಗು, ಊಟ ಇಲ್ಲದ ಮಾರಿ,
ಫೋನಿನಾಗ ಟಾರ್ಗೆಟ್ ಟಾರ್ಗೆಟ್ ಅಂತ ಅಳಾಕ ಹತ್ತಿದ್ದ
ಅವ್ವನ ಮುಂದ ಅತ್ತಂಗ.

ಅತ್ತಿಗೆ ಹೇಳದ ಒಂದು ಮಾತೈತಿ.
ವೆರ್ಣಾದಾಗ ನನ್ನ ಕೆಲಸ ಪ್ಯಾಕಿಂಗ್ ಅಂದೀನಿ. ಅಷ್ಟ.
ತಲಿಗೆ ನೀಲಿ ಟೊಪ್ಪಿಗಿ, ಬಳಿ ಬಿಚ್ಚಿ ಲಾಕರಿನಾಗಿಟ್ಟು
ನಾ ನಿಲ್ಲೂದು ಬೆಲಿ ಹೊಡಿಯೂ ಮಷಿನ್ ಮುಂದ.
ಬ್ಯಾಚು, ತಾರೀಖು, ಬೆಲಿ. ಬ್ಯಾಚು, ತಾರೀಖು, ಬೆಲಿ.
ಸುಲಕ್ಷಾ ಮೇಡಂ ಚೀಟಿ ಕೊಡ್ತಾಳ, ನಾ ಅಂಕಿ ಒತ್ತತೀನಿ.
ಒಂಬೈನೂರಾ ಎಂಬತ್ತು ಇದ್ದದ್ದು
ಏಪ್ರಿಲ್‌ನಾಗ ಸಾವಿರದ ನೂರಾ ನಲವತ್ತು ಆದದ್ದು
ಈ ಬೆರಳಿನಿಂದ.
ಗುಳಿಗಿ ಅದ. ಫಾಯಿಲ್ ಅದ. ನನ್ನ ಪಗಾರ ಅದ.
ಯಾಕ್ರಿ ಅಂದ್ರ, ಮುಂಬೈ ಹೇಳೈತಿ ಅಂದ್ಲು ಮೇಡಂ,
ಮುಂಬೈ ಅಂದ್ರ ಒಬ್ಬ ಮನುಷ್ಯಾ ಇದ್ದಂಗ.

ಮೊನ್ನೆ ಅತ್ತಿ ಶೀಟು ತಂದು ನನ್ನ ಕೈಯಾಗ ಇಟ್ಲು.
'ಸಾಲಿ ಕಲತಾಕಿ ನೀ, ಓದ. ಮಾಡಿದವರ ಹೆಸರು ಬರದಿರಬೇಕಲ್ಲ.'
ಬೆಳಕಿಗೆ ಹಿಡದ್ನಿ.
ನನ್ನ ಪಾಳಿ ಬ್ಯಾಚು.
ಏಳರ ಬಾಲ ತುಸು ಅಲಕಿತ್ತು. ಆ ರಾತ್ರಿ ಶಾಯಿ ಸೋರಿ
ಮಷಿನ್ ನಿಲ್ಲಿಸಿ ನಾನ ಒರಸಿದ್ನಿ.

ಅತ್ತಿ ಕಾಯಾಕ ಹತ್ತಿದ್ಲು.
ಮುಷ್ಟಿಯಾಗ ಮಣ್ಣು ಬೆವತು ಹೆಂಟಿ ಆಗಿತ್ತು.
ಇಲ್ಲಿ ಮಣ್ಣರ ಏನು ಮಣ್ಣು,
ಬಂದರದ ಕಲ್ಲಿದ್ದಲ ಧೂಳು ಬೆರತು ಅರ್ಧಕ್ಕರ್ಧ ಕರಿ.
ಆಕಿ ಎದಿಯಾಗ ಕುಂತದ್ದೂ ಅದ ಇರಬೌದು ಅಂದಿದ್ದ ಡಾಕ್ಟರ್.
ಅದು ಯಾರ ಧೂಳು ಅಂತ ಅವ ಹೇಳ್ಲಿಲ್ಲ, ನಾವು ಕೇಳ್ಲಿಲ್ಲ.

'ಬೆಲಿ ಬರದಾಕಿ ನಾನ' ಅಂದ್ನಿ.
ಆಕಿ ನನ್ನ ಮಾರಿ ನೋಡಿದ್ಲು, ಭಾಳ ಹೊತ್ತು.
ಆಮ್ಯಾಲೆ ಬೆರಳು.
'ಎಷ್ಟ ಕೊಡ್ತಾರ ನಿನಗ ಅದಕ್ಕ?'
ದಿನಕ್ಕ ನಾಲ್ಕನೂರು.
'ಮೂರೂವರಿ ಗುಳಿಗಿ' ಅಂದ್ಲು.
'ಬರಿ ಅಂತ ನಿನಗ ಹೇಳಿದವರ ಯಾರು?'

ಶೀಟಿನ ಅಂಚಿನಾಗ ಇರುವಿಯಂಥ ಅಕ್ಷರ ಇದ್ವು.
ಓದಿದ್ನಿ: ಅಂತಸ್ತು ಹದಿನಾಲ್ಕು, ಮುಂಬೈ.

ಆಕಿ ಮಣ್ಣು ಚೆಲ್ಲಲಿಲ್ಲ.
ಸೆರಗಿನ ತುದಿಗೆ ಹಾಕಿ ಗಂಟು ಕಟ್ಟಿದ್ಲು,
ಬಸ್ಸಿನ ರೊಕ್ಕ ಕಟ್ಟತಾಳಲ್ಲ, ಅದ ಗಂಟು.
ಒಂದು ಸಲ ಕೆಮ್ಮಿ, ಉಸಿರು ಹಿಡದು,
ಮುಂಬೈ ರೈಲು ಎಷ್ಟಕ್ಕ ಬಿಡತೈತಿ ಅಂತ ಕೇಳಿದ್ಲು.